ಹನ್ನೆರಡು ವರ್ಷದ ಅಮೆರಿಕ

ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಹದಿನಾಲ್ಕನೆಯ ಆವೃತ್ತಿ 1929ರಲ್ಲಿ ಹೊರಬಂತು. ಅಮೆರಿಕದ ಕಪ್ಪುಜನರ ಬಗ್ಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕರು ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರನ್ನು ಕೇಳಿದ್ದರು. ಕೇಳಿದ್ದೇನೋ ಸರಿಯಾದವರನ್ನೇ. ಬರ್ಲಿನ್ನಿನಲ್ಲಿ ಓದಿ ಬಂದು, 1895ರಲ್ಲಿ ಹಾರ್ವರ್ಡ್‌ನಿಂದ ಪಿಎಚ್‌.ಡಿ. ಪಡೆದ ಮೊದಲ ಕಪ್ಪು ಅಮೆರಿಕನ್ ಅವರು. ಲೇಖನ ಹೋಯಿತು, ಕತ್ತರಿ ಬಿದ್ದು ವಾಪಸು ಬಂತು. ಅಂತರ್ಯುದ್ಧ ಮುಗಿದ ಮೇಲಿನ ಪುನರ್‌ನಿರ್ಮಾಣ ಕಾಲದ ಬಗ್ಗೆ ಅವರು ಬರೆದದ್ದೆಲ್ಲ ಹಾರಿಹೋಗಿತ್ತು. ಡುಬಾಯ್ಸ್ ಪಟ್ಟು ಹಿಡಿದರು. ದಕ್ಷಿಣದ ರಾಜ್ಯಗಳನ್ನು ಒಕ್ಕೂಟಕ್ಕೆ ಮರಳಿ ತಂದದ್ದು, ಅಲ್ಲಿ ಬಿಳಿಯರಿಗೂ ಕಪ್ಪುಜನರಿಗೂ ಸೇರಿದ ಹೊಸ ಪ್ರಜಾಪ್ರಭುತ್ವ ಕಟ್ಟಿದ್ದು, ಸರ್ಕಾರಿ ಶಾಲೆ ತೆರೆಸಿದ್ದು ಕಪ್ಪುಜನರ ನಿಷ್ಠೆ ಮತ್ತು ಅವರ ವೋಟು ಎಂಬ ಒಂದು ಮಾತಾದರೂ ಇರಲಿ ಎಂದರು. ಅದನ್ನು ಕಪ್ಪುಜನರ ಅಭಿಪ್ರಾಯವೆಂದೇ ಹಾಕಿಕೊಳ್ಳಿ ಎನ್ನುವವರೆಗೂ ಇಳಿದು ಬಂದರು. ಸಂಪಾದಕರು ಒಪ್ಪಲಿಲ್ಲ. ಡುಬಾಯ್ಸ್ ಇಡೀ ಲೇಖನವನ್ನೇ ವಾಪಸು ಪಡೆದರು.

ಒಂದು ವಾಕ್ಯಕ್ಕೆ ಇಷ್ಟು ಹೆದರಿಕೆ ಏಕೆ? ಅದನ್ನು ಅಚ್ಚು ಹಾಕಿದರೆ ಅಮೆರಿಕ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಕಥೆ ಕೆಡುತ್ತಿತ್ತು. ಆಗಿನ ಪಠ್ಯಪುಸ್ತಕಗಳ ಪ್ರಕಾರ 1865ರಿಂದ 1877ರ ಹನ್ನೆರಡು ವರ್ಷ ದೇಶಕ್ಕೆ ಹಿಡಿದ ಗ್ರಹಚಾರ. ನಿನ್ನೆಯವರೆಗೆ ಗುಲಾಮರಾಗಿದ್ದ ಅನಕ್ಷರಸ್ಥರ ಕೈಗೆ ವೋಟು ಕೊಟ್ಟರು, ಉತ್ತರದಿಂದ ಬಂದ ಪುಂಡರು ಅವರನ್ನು ಮುಂದಿಟ್ಟುಕೊಂಡು ಲೂಟಿ ಹೊಡೆದರು, ಕೊನೆಗೆ ದಕ್ಷಿಣದ ಮರ್ಯಾದಸ್ಥ ಬಿಳಿಯರು ಎದ್ದು ನಿಂತು ರಾಜ್ಯಗಳನ್ನು ‘ಉದ್ಧಾರ’ ಮಾಡಿದರು. ಇದನ್ನು ಬೀದಿಯಲ್ಲಿ ನಿಂತವರು ಹೇಳಿದ್ದಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡನ್ನಿಂಗ್ ಎಂಬ ಪ್ರಾಧ್ಯಾಪಕರ ಕೈಕೆಳಗೆ ಒಬ್ಬೊಬ್ಬ ಶಿಷ್ಯ ಒಂದೊಂದು ರಾಜ್ಯ ಹಿಡಿದು, ದಾಖಲೆ ತಿರುವಿ, ಅಡಿಟಿಪ್ಪಣಿ ಹಾಕಿ ಬರೆದ ಇತಿಹಾಸ ಇದು. 1915ರಲ್ಲಿ ‘ದಿ ಬರ್ತ್ ಆಫ್ ಎ ನೇಷನ್’ ಸಿನಿಮಾ ಇದೇ ಕಥೆಯನ್ನು ತೆರೆಗೆ ತಂದಾಗ ಶ್ವೇತಭವನದಲ್ಲೇ ಅದರ ಪ್ರದರ್ಶನ ನಡೆಯಿತು. ಆಗಿನ ಅಧ್ಯಕ್ಷ ವುಡ್ರೊ ವಿಲ್ಸನ್ ಸ್ವತಃ ಇತಿಹಾಸಕಾರ. ಸಿನಿಮಾದ ನಡುವೆ ಬರುವ ಬರಹದ ಫಲಕಗಳಲ್ಲಿ ಅವರದೇ ಪುಸ್ತಕದ ಸಾಲುಗಳಿದ್ದವು.

ಡನ್ನಿಂಗ್ ಕೊಲಂಬಿಯಾದಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲೇ, 1913ರಲ್ಲಿ, ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಹಿಡಿದು ಅಂಬೇಡ್ಕರ್ ಅಲ್ಲಿಗೇ ಬಂದಿಳಿದರು. ಮೂವತ್ತಮೂರು ವರ್ಷಗಳ ನಂತರ, 1946ರಲ್ಲಿ, ಅವರು ಪತ್ರ ಬರೆದದ್ದು ಡನ್ನಿಂಗ್ ಪರಂಪರೆಯ ಯಾರಿಗೂ ಅಲ್ಲ, ಡುಬಾಯ್ಸ್‌ಗೆ. ವಿಶ್ವಸಂಸ್ಥೆಗೆ ಕಪ್ಪುಜನರು ಸಲ್ಲಿಸಿದ ಅರ್ಜಿಯ ಪ್ರತಿ ಬೇಕೆಂದು ಕೇಳಿದ್ದರು. ಡುಬಾಯ್ಸ್ ಉತ್ತರಿಸಿದರು.

ಹಾಗಾದರೆ ಡನ್ನಿಂಗ್ ಪಂಥ ಗ್ರಹಚಾರವೆಂದ ಆ ಹನ್ನೆರಡು ವರ್ಷಗಳಲ್ಲಿ ಆದದ್ದೇನು?

ಮುಂದೆ ಬರೆದ ಪುಸ್ತಕದಲ್ಲಿ ಡುಬಾಯ್ಸ್ ಈ ಕಥೆಯನ್ನು ಶುರು ಮಾಡುವುದು ಲಿಂಕನ್‌ರಿಂದಲ್ಲ, ಓಡಿಹೋದ ಗುಲಾಮರಿಂದ. 1861ರ ಮೇ ತಿಂಗಳ ಒಂದು ರಾತ್ರಿ ವರ್ಜೀನಿಯಾದಲ್ಲಿ ಮೂವರು ದೋಣಿಗೆ ಹುಟ್ಟು ಹಾಕಿಕೊಂಡು ಒಕ್ಕೂಟದ ಸೈನ್ಯವಿದ್ದ ಮನ್ರೋ ಕೋಟೆಗೆ ಬಂದರು. ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್ ಅವರ ಹೆಸರು. ಒಕ್ಕೂಟದಿಂದ ಸಿಡಿದು ಹೋದ ದಕ್ಷಿಣದ ದಂಗೆಕೋರ ಸೈನ್ಯಕ್ಕೆ ಕೋಟೆ ಕಟ್ಟುವ ಕೆಲಸಕ್ಕೆ ಅವರನ್ನು ಹಚ್ಚಲಾಗಿತ್ತು. ಮಾರನೆಯ ದಿನ ಅವರ ಯಜಮಾನನ ಕಡೆಯವನು ಬಿಳಿ ಬಾವುಟ ಹಿಡಿದು ಬಂದು, ಕಾನೂನಿನ ಪ್ರಕಾರ ಓಡಿಬಂದ ಗುಲಾಮರನ್ನು ಒಪ್ಪಿಸಬೇಕು ಎಂದ. ದಂಡನಾಯಕ ಬೆಂಜಮಿನ್ ಬಟ್ಲರ್ ಮೂಲತಃ ವಕೀಲ. ನಿಮ್ಮದು ಬೇರೆ ದೇಶ ಎಂದು ನೀವೇ ಹೇಳುತ್ತಿದ್ದೀರಿ, ಬೇರೆ ದೇಶಕ್ಕೆ ನಮ್ಮ ಕಾನೂನು ಹೇಗೆ ಅನ್ವಯಿಸುತ್ತದೆ, ಇವರು ಯುದ್ಧದಲ್ಲಿ ಜಪ್ತಾದ ಮಾಲು ಎಂದು ಕೈ ಝಾಡಿಸಿದ. ಸುದ್ದಿ ಹೊಲದಿಂದ ಹೊಲಕ್ಕೆ ಹಬ್ಬಿತು. ಯುದ್ಧ ಮುಗಿಯುವುದರೊಳಗೆ ಲಕ್ಷಗಟ್ಟಲೆ ಜನ ಹತ್ತಿ ಹೊಲ ಬಿಟ್ಟು ಹೊರಟಿದ್ದರು. ಸುಮಾರು 1,80,000 ಕಪ್ಪು ಸೈನಿಕರು ಒಕ್ಕೂಟದ ಸಮವಸ್ತ್ರ ತೊಟ್ಟರು. ಡುಬಾಯ್ಸ್ ಇದನ್ನು ಸಾರ್ವತ್ರಿಕ ಮುಷ್ಕರ ಎಂದು ಕರೆದರು. ಸಂಘ, ಸಭೆ, ಬೇಡಿಕೆಪಟ್ಟಿ ಯಾವುದೂ ಇಲ್ಲದ ಮುಷ್ಕರ. ಆ ಹೆಸರು ಸ್ವಲ್ಪ ಹಿಗ್ಗಿಸಿದ್ದೆಂದೇ ನನಗನ್ನಿಸುತ್ತದೆ. ಆದರೆ ಗುಲಾಮರು ಸ್ವಾತಂತ್ರ್ಯವನ್ನು ದಾನವಾಗಿ ಪಡೆದರು ಎಂಬ ಕಥೆ ಇದರ ಮುಂದೆ ನಿಲ್ಲುವುದಿಲ್ಲ.

1865ರ ಜನವರಿಯಲ್ಲಿ ಜನರಲ್ ಷರ್ಮನ್ ಒಂದು ಆಜ್ಞೆ ಹೊರಡಿಸಿದ. ದಕ್ಷಿಣ ಕ್ಯಾರೊಲೈನಾದಿಂದ ಫ್ಲಾರಿಡಾದವರೆಗಿನ ಕರಾವಳಿಯ ದ್ವೀಪಗಳನ್ನೂ, ಯಜಮಾನರು ಬಿಟ್ಟು ಓಡಿದ ಭತ್ತದ ಗದ್ದೆಗಳನ್ನೂ ಬಿಡುಗಡೆಯಾದ ಕುಟುಂಬಗಳಿಗೆ ತಲಾ 40 ಎಕರೆ ಮೀರದಂತೆ ಹಂಚಬೇಕು ಎಂದು. ಸುಮಾರು 40,000 ಜನ ನೆಲೆ ನಿಂತರು, ಬಿತ್ತನೆಯನ್ನೂ ಮಾಡಿದರು. ಏಪ್ರಿಲ್‌ನಲ್ಲಿ ಅಧ್ಯಕ್ಷ ಲಿಂಕನ್‌ರ ಕೊಲೆಯಾಯಿತು. ಅವರ ಜಾಗಕ್ಕೆ ಬಂದ ಆಂಡ್ರ್ಯೂ ಜಾನ್ಸನ್, ದಂಗೆಯೆದ್ದಿದ್ದ ಜಮೀನ್ದಾರರಿಗೆ ಕ್ಷಮಾದಾನ ಕೊಡುತ್ತ ಹೋದ. ಕ್ಷಮೆಯ ಬೆನ್ನಿಗೆ ಜಮೀನೂ ಅವರಿಗೆ ಮರಳಿತು.

ಆ ಸುದ್ದಿ ಹೇಳುವ ಪಾಪ ಬಿದ್ದದ್ದು ಜನರಲ್ ಆಲಿವರ್ ಹೋವರ್ಡ್ ಮೇಲೆ. ಬಿಡುಗಡೆಯಾದವರ ಯೋಗಕ್ಷೇಮ ನೋಡಲು ತೆರೆದ ಸರ್ಕಾರಿ ಬ್ಯೂರೋದ ಮುಖ್ಯಸ್ಥ ಆತ, ದೈವಭಕ್ತ, ಯುದ್ಧದಲ್ಲಿ ಬಲಗೈ ಕಳೆದುಕೊಂಡವನು. ಅಕ್ಟೋಬರ್‌ನಲ್ಲಿ ಎಡಿಸ್ಟೊ ದ್ವೀಪಕ್ಕೆ ಬಂದು ಚರ್ಚಿನಲ್ಲಿ ಜನರನ್ನು ಸೇರಿಸಿದ. ಜಮೀನು ಹಿಂದಿನ ಯಜಮಾನರಿಗೆ ಹೋಗುತ್ತದೆ, ನೀವು ಅವರ ಹತ್ತಿರವೇ ಕೂಲಿಯ ಕರಾರು ಮಾಡಿಕೊಳ್ಳಬೇಕು ಎಂದಾಗ ಚರ್ಚಿನಲ್ಲಿ ಗದ್ದಲವೆದ್ದಿತು. ಒಬ್ಬಳು ಹೆಂಗಸು ಭಜನೆಯೊಂದನ್ನು ಎತ್ತಿಕೊಂಡಳು, ಎಲ್ಲರೂ ದನಿಗೂಡಿಸಿದ ಮೇಲೆ ಸಭೆ ತಣ್ಣಗಾಯಿತು ಎಂದು ಹೋವರ್ಡ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ತಣ್ಣಗಾದದ್ದು ಸಭೆ ಮಾತ್ರ. ಹೆನ್ರಿ ಬ್ರ್ಯಾಮ್, ಇಷ್ಮಾಯೆಲ್ ಮೋಲ್ಟ್ರಿ, ಯೇಟ್ಸ್ ಸ್ಯಾಂಪ್ಸನ್ ಎಂಬ ಮೂವರ ಸಮಿತಿ ಹೋವರ್ಡ್‌ಗೆ ಒಂದು ಪತ್ರ ಬರೆಯಿತು. ಕಾಗುಣಿತ ಅಷ್ಟಕ್ಕಷ್ಟೇ, ವಾದದಲ್ಲಿ ಮಾತ್ರ ಎಲ್ಲೂ ಬಿರುಕಿಲ್ಲ. ಯಜಮಾನರನ್ನು ಕ್ಷಮಿಸಿ ಎನ್ನುತ್ತೀರಿ, ಯುದ್ಧದಲ್ಲಿ ನೀವು ಕಳೆದುಕೊಂಡದ್ದು ಒಂದು ಕೈ, ನೀವು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ ಮೂವತ್ತೊಂಬತ್ತು ಛಡಿಯೇಟು ಹೊಡೆದವನನ್ನು, ನನ್ನ ತಾಯಿ ತಂಗಿಯರನ್ನು ಬಟ್ಟೆ ಬಿಚ್ಚಿಸಿ ಬಾರಿಸಿದವನನ್ನು, ಅವನ ಜಮೀನಿನಲ್ಲೇ ಅವನು ಹೇಳಿದ ಕೂಲಿಗೆ ದುಡಿಯುತ್ತ ನಾನು ಹೇಗೆ ಕ್ಷಮಿಸಲಿ ಎಂಬುದು ಅದರ ಸಾರ. ಭೂಮಿಯಿಲ್ಲದ ಸ್ವಾತಂತ್ರ್ಯ ಎಷ್ಟು ದಿನ ಬಾಳುತ್ತದೆ ಎಂದು ಮುಂದೆ ಡುಬಾಯ್ಸ್ ಏಳುನೂರಕ್ಕೂ ಹೆಚ್ಚು ಪುಟಗಳಲ್ಲಿ ಕೇಳಿದ ಪ್ರಶ್ನೆ ಈ ಕಾಗದದಲ್ಲಿ ಆಗಲೇ ಇದೆ.

ಜಾನ್ಸನ್ ಕೊಟ್ಟ ಸಲುಗೆಯಲ್ಲಿ ದಕ್ಷಿಣದ ಶಾಸನಸಭೆಗಳು ಅಲೆಮಾರಿತನದ ಕಾಯ್ದೆ ತಂದವು. ವರ್ಷದ ಕರಾರು ತೋರಿಸಲಾಗದ ಕಪ್ಪು ಮನುಷ್ಯನನ್ನು ಹಿಡಿದು ದಂಡ ಹಾಕಿ, ದಂಡ ಕಟ್ಟಿದವನ ಬಳಿ ಜೀತಕ್ಕೆ ಬಿಡಬಹುದಿತ್ತು. ಗೆದ್ದ ಯುದ್ಧ ಹೀಗೆ ಕೈಜಾರುವುದನ್ನು ಕಂಡು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಸಿಟ್ಟು ಬಂತು. 1867ರಲ್ಲಿ ದಕ್ಷಿಣವನ್ನು ಐದು ಸೇನಾ ವಿಭಾಗಗಳಾಗಿ ಮಾಡಿ, ಕಪ್ಪು ಗಂಡಸರಿಗೆ ವೋಟು ಕೊಟ್ಟು, ಹೊಸ ಸಂವಿಧಾನ ಬರೆದುಕೊಂಡು ಬನ್ನಿ ಎಂದಿತು. ಇದಕ್ಕೆ ಅಡ್ಡಗಾಲು ಹಾಕುತ್ತಿದ್ದ ಜಾನ್ಸನ್ ಮಹಾಭಿಯೋಗದಿಂದ ಒಂದೇ ಒಂದು ಮತದಲ್ಲಿ ಪಾರಾದ.

1868ರ ಜನವರಿಯಲ್ಲಿ ಚಾರ್ಲ್ಸ್‌ಟನ್‌ನಲ್ಲಿ ದಕ್ಷಿಣ ಕ್ಯಾರೊಲೈನಾದ ಸಂವಿಧಾನ ಸಭೆ ಸೇರಿತು. 124 ಪ್ರತಿನಿಧಿಗಳಲ್ಲಿ 76 ಮಂದಿ ಕಪ್ಪುಜನ. ಅಂತರ್ಯುದ್ಧದ ಮೊದಲ ಗುಂಡು ಹಾರಿದ್ದೇ ಆ ಊರಿನ ಬಂದರಿನಲ್ಲಿ. ಅಂಥ ಊರಿನಲ್ಲಿ ಕೂತು ಅವರು ಬರೆದದ್ದೇನು? ಎಲ್ಲರಿಗೂ ತೆರೆದ ಸರ್ಕಾರಿ ಶಾಲೆ. ಸಾಲ ತೀರಿಸಲಾಗದವನನ್ನು ಜೈಲಿಗೆ ಹಾಕಬಾರದು. ಆಸ್ತಿ ಇದ್ದವನೇ ಅಧಿಕಾರಕ್ಕೆ ನಿಲ್ಲಬೇಕೆಂಬ ಷರತ್ತು ರದ್ದು. ಲಾಭವಾದದ್ದು ಬಡ ಬಿಳಿಯರಿಗೂ. ರಾಜ್ಯವೇ ಜಮೀನು ಕೊಂಡು ಕಂತಿನ ಮೇಲೆ ಮಾರುವ ಆಯೋಗವೊಂದನ್ನು ಮುಂದೆ ಇದೇ ರಾಜ್ಯ ಸ್ಥಾಪಿಸಿತು. ಅದರಲ್ಲಿ ದುಡ್ಡು ತಿಂದವರಿದ್ದರು, ಕೆಲಸಕ್ಕೆ ಬಾರದ ನೆಲವನ್ನು ದುಬಾರಿ ಬೆಲೆಗೆ ಕೊಂಡದ್ದೂ ಉಂಟು. ಡುಬಾಯ್ಸ್ ಇದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ಕಾಲಕ್ಕೆ ನ್ಯೂಯಾರ್ಕಿನಲ್ಲಿ ಬಿಳಿಯ ಬಾಸ್ ಟ್ವೀಡ್‌ನ ಕೂಟ ನಗರದ ಖಜಾನೆಯನ್ನೇ ಬಳಿದಿತ್ತಲ್ಲ, ಅದನ್ನು ಬಿಳಿಯರಿಗೆ ವೋಟು ಕೊಟ್ಟದ್ದರ ತಪ್ಪು ಎಂದು ಯಾರಾದರೂ ಬರೆದರೇ ಎಂದು ಕೇಳುತ್ತಾರೆ.

ಒಟ್ಟು ಆ ವರ್ಷಗಳಲ್ಲಿ ಹದಿನಾರು ಕಪ್ಪುಜನರು ಅಮೆರಿಕದ ಕಾಂಗ್ರೆಸ್ಸಿನಲ್ಲಿ ಕೂತರು, ಅವರಲ್ಲಿ ಇಬ್ಬರು ಮಿಸಿಸಿಪಿಯ ಸೆನೆಟರುಗಳು. ಹಳ್ಳಿಯ ನ್ಯಾಯಾಧೀಶ, ಅಂಚೆ ಅಧಿಕಾರಿ, ಶಾಲಾ ಮಂಡಳಿ ಸದಸ್ಯ ಎಲ್ಲ ಸೇರಿಸಿದರೆ ಸುಮಾರು ಎರಡು ಸಾವಿರ ಮಂದಿ ಅಧಿಕಾರದಲ್ಲಿದ್ದರು. ದಕ್ಷಿಣ ಕ್ಯಾರೊಲೈನಾ ವಿಶ್ವವಿದ್ಯಾಲಯ 1873ರಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಿತು. ಹಾರ್ವರ್ಡ್‌ನ ಮೊದಲ ಕಪ್ಪು ಪದವೀಧರ ರಿಚರ್ಡ್ ಗ್ರೀನರ್ ಅಲ್ಲಿ ಪ್ರಾಧ್ಯಾಪಕರಾದರು. ನಾಲ್ಕೇ ವರ್ಷ. 1877ರಲ್ಲಿ ಅದನ್ನು ಮುಚ್ಚಿ, ಆಮೇಲೆ ಬಿಳಿಯರಿಗೆ ಮಾತ್ರ ತೆರೆದರು.

ಇದನ್ನು ಉರುಳಿಸಿದ ಬಗೆಯನ್ನು ಕಾಣಲು ಲೂಸಿಯಾನಾದ ಕೋಲ್‌ಫ್ಯಾಕ್ಸ್ ಎಂಬ ಪುಟ್ಟ ಊರಿಗೆ ಹೋಗಬೇಕು. ಜಿಲ್ಲೆಗೆ ಅಧ್ಯಕ್ಷ ಗ್ರಾಂಟ್‌ನ ಹೆಸರು, ಊರಿಗೆ ಉಪಾಧ್ಯಕ್ಷ ಕೋಲ್‌ಫ್ಯಾಕ್ಸ್‌ನ ಹೆಸರು. ಕೋರ್ಟು ಕಚೇರಿ ಎಂದರೆ ಹಳೆಯ ತೋಟದ ಕುದುರೆ ಲಾಯ. 1872ರ ರಾಜ್ಯ ಚುನಾವಣೆಯಲ್ಲಿ ಎರಡೂ ಪಕ್ಷ ತಾವೇ ಗೆದ್ದೆವೆಂದವು. ಲಿಂಕನ್‌ರ ಪಕ್ಷವಾದ ರಿಪಬ್ಲಿಕನ್ನರ ಪರ ಕಪ್ಪುಜನರು ಕಚೇರಿಯನ್ನು ಹಿಡಿದು, ಸುತ್ತ ಕಂದಕ ತೋಡಿ ಕಾವಲು ಕೂತರು. 1873ರ ಏಪ್ರಿಲ್ 13, ಈಸ್ಟರ್ ಭಾನುವಾರ, ಕ್ರಿಸ್ಟಫರ್ ಕೊಲಂಬಸ್ ನ್ಯಾಶ್ ಎಂಬವನ ಮುಂದಾಳತ್ವದಲ್ಲಿ ನೂರಕ್ಕೂ ಮೀರಿದ ಬಿಳಿಯರು ಕುದುರೆಯೇರಿ, ಒಂದು ಸಣ್ಣ ಫಿರಂಗಿಯನ್ನೂ ಎಳೆದುಕೊಂಡು ಬಂದರು. ಒಳಗಿನವರು ಜಗ್ಗದಿದ್ದಾಗ ಸೆರೆಸಿಕ್ಕ ಕಪ್ಪು ಮನುಷ್ಯನೊಬ್ಬನ ಕೈಯಿಂದಲೇ ಛಾವಣಿಗೆ ಬೆಂಕಿ ಇಡಿಸಿದರು. ಹೊಗೆ ತಾಳದೆ ಹೊರಬಂದವರ ಮೇಲೆ ಗುಂಡು ಹಾರಿತು. ಸೆರೆಯಾದವರನ್ನು ರಾತ್ರಿ ಸಾಲಾಗಿ ನಡೆಸಿಕೊಂಡು ಹೋಗಿ ಕೊಂದರು. ಸತ್ತಂತೆ ಬಿದ್ದಿದ್ದು, ಆಮೇಲೆ ತೆವಳಿಕೊಂಡು ಪಾರಾದ ಲೆವಿ ನೆಲ್ಸನ್ ಕೋರ್ಟಿನಲ್ಲಿ ಸಾಕ್ಷಿ ಹೇಳಿದ. ಸತ್ತ ಬಿಳಿಯರು ಮೂವರು. ಸತ್ತ ಕಪ್ಪುಜನರ ಲೆಕ್ಕ ಅರವತ್ತರಿಂದ ನೂರೈವತ್ತರವರೆಗೆ ಹೋಗುತ್ತದೆ.

97 ಮಂದಿಯ ಮೇಲೆ ಆರೋಪ ಹೊರಿಸಿದರು. ಕಟಕಟೆಗೆ ಬಂದವರು ಒಂಬತ್ತು ಜನ, ತಪ್ಪಿತಸ್ಥರೆನಿಸಿದವರು ಮೂವರು. 1876ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಮೂವರನ್ನೂ ಬಿಟ್ಟಿತು. ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡುವ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿ ತಡೆಯುವುದು ರಾಜ್ಯ ಸರ್ಕಾರ ಮಾಡುವ ಅನ್ಯಾಯವನ್ನು, ಖಾಸಗಿ ಜನ ಖಾಸಗಿ ಜನರಿಗೆ ಮಾಡಿದ್ದನ್ನಲ್ಲ. ಅದನ್ನು ರಾಜ್ಯವೇ ನೋಡಿಕೊಳ್ಳಲಿ ಎಂದಿತು. ನೋಡಿಕೊಳ್ಳಬೇಕಾದ ರಾಜ್ಯವನ್ನು ಬಂದೂಕು ಹಿಡಿದವರೇ ಕಬಳಿಸುತ್ತಿದ್ದರು. ತೀರ್ಪಿನ ಭಾಷೆ ಬಲು ಸಭ್ಯ. ದಕ್ಷಿಣದ ಕಪ್ಪುಜನರಿಗೆ ಮುಂದಿನ ನೂರು ವರ್ಷದಲ್ಲಿ ಇಷ್ಟು ಕೇಡು ಮಾಡಿದ ಕಾಗದಗಳು ಹೆಚ್ಚಿಲ್ಲ ಎಂದೇ ನನ್ನ ಅಭಿಪ್ರಾಯ.

ಕೋಲ್‌ಫ್ಯಾಕ್ಸ್‌ನ ಸ್ಮಶಾನದಲ್ಲಿ 1921ರಲ್ಲಿ ಒಂದು ಕಂಬ ನಿಂತಿತು, ಬಿಳಿಯರ ಮೇಲುಗೈಗಾಗಿ ಹೋರಾಡಿ ಮಡಿದ ಮೂವರು ವೀರರಿಗೆ. ಎರಡನೆಯ ಮಹಾಯುದ್ಧ ಮುಗಿದ ಕೆಲ ವರ್ಷಗಳಿಗೆ ರಾಜ್ಯ ಸರ್ಕಾರವೇ ಒಂದು ಫಲಕ ನೆಟ್ಟಿತು. ಅದರಲ್ಲಿ 150 ಕಪ್ಪುಜನರು ಸತ್ತರೆಂದು ಒಪ್ಪಿಕೊಂಡು, ಮರುವಾಕ್ಯದಲ್ಲೇ ಇದರಿಂದ ದಕ್ಷಿಣದಲ್ಲಿ ಹೊರಗಿನವರ ದುರಾಡಳಿತ ಕೊನೆಗೊಂಡಿತು ಎಂದು ಬರೆದಿದ್ದರು. ಡನ್ನಿಂಗ್ ಪಂಥ ಪುಸ್ತಕಗಳಲ್ಲಿ ಹೇಳಿದ್ದನ್ನೇ ಲೋಹದಲ್ಲಿ ಎರಕ ಹೊಯ್ದದ್ದು. ಆ ಫಲಕ ಕೆಳಗಿಳಿದದ್ದು 2021ರಲ್ಲಿ.

1876ರ ಅಧ್ಯಕ್ಷ ಚುನಾವಣೆ ಕೊನೆಯ ಮೊಳೆ. ಡೆಮಾಕ್ರಾಟ್ ಟಿಲ್ಡನ್‌ಗೆ ಜನರ ಮತ ಸುಮಾರು ಎರಡೂವರೆ ಲಕ್ಷ ಹೆಚ್ಚು, ಅಧ್ಯಕ್ಷನನ್ನು ಆರಿಸುವ ಮತದಾರ ಮಂಡಳಿಯಲ್ಲಿ 184. ಗೆಲ್ಲಲು ಬೇಕಾದದ್ದು 185. ರಿಪಬ್ಲಿಕನ್ ಹೇಯ್ಸ್‌ಗೆ 165. ತಕರಾರಿನ 20 ಮತಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಫ್ಲಾರಿಡಾ, ಲೂಸಿಯಾನಾ, ದಕ್ಷಿಣ ಕ್ಯಾರೊಲೈನಾದವು. ಬಂದೂಕಿನ ಬೆದರಿಕೆ ಒಂದು ಕಡೆ, ಎಣಿಕೆಯಲ್ಲಿ ಕೈಚಳಕ ಇನ್ನೊಂದು ಕಡೆ. ಹದಿನೈದು ಜನರ ಆಯೋಗ 8–7ರಂತೆ ಇಪ್ಪತ್ತನ್ನೂ ಹೇಯ್ಸ್‌ಗೆ ಕೊಟ್ಟಿತು. ತೆರೆಮರೆಯ ಮಾತುಕತೆ ಎಷ್ಟು ನಡೆಯಿತು, ಯಾರ್ಯಾರ ನಡುವೆ ನಡೆಯಿತು ಎಂದು ಇತಿಹಾಸಕಾರರು ಈಗಲೂ ಜಗಳವಾಡುತ್ತಾರೆ. ಫಲವಂತೂ ಕಣ್ಣೆದುರಿಗಿತ್ತು. ಅಧಿಕಾರಕ್ಕೆ ಬಂದ ಮರುತಿಂಗಳೇ, 1877ರ ಏಪ್ರಿಲ್‌ನಲ್ಲಿ, ದಕ್ಷಿಣ ಕ್ಯಾರೊಲೈನಾದ ಕೊಲಂಬಿಯಾ ಮತ್ತು ಲೂಸಿಯಾನಾದ ನ್ಯೂ ಆರ್ಲಿಯನ್ಸ್ ನಗರಗಳ ಶಾಸನಭವನಗಳಿಗೆ ಕಾವಲಿದ್ದ ಒಕ್ಕೂಟದ ಸೈನಿಕರನ್ನು ಹೇಯ್ಸ್ ಹಿಂದಕ್ಕೆ ಕರೆಸಿಕೊಂಡ. ಕಪ್ಪುಜನರ ವೋಟಿನ ಮೇಲೆ ನಿಂತಿದ್ದ ಸರ್ಕಾರಗಳು ಬಿದ್ದವು. ಅದೇ ಜುಲೈನಲ್ಲಿ ಉತ್ತರದ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದಾಗ ಅದನ್ನು ಮುರಿಯಲು ಒಕ್ಕೂಟದ ಸೈನ್ಯ ಹೊರಟಿತು. ಉತ್ತರದ ಬಂಡವಾಳಕ್ಕೆ ಹತ್ತಿ ಬೇಕಿತ್ತು, ಶಾಂತಿ ಬೇಕಿತ್ತು, ಅಗ್ಗದ ಕೂಲಿ ಬೇಕಿತ್ತು. ಕಪ್ಪುಜನರ ವೋಟಿನಿಂದ ಆಗಬೇಕಾದ ಕೆಲಸ ಮುಗಿದಿತ್ತು. ಈ ಕೊನೆಯನ್ನು ಡುಬಾಯ್ಸ್ ಆಸ್ತಿವಂತರ ಪ್ರತಿಕ್ರಾಂತಿ ಎಂದು ಕರೆದರು.

ವೋಟು ಒಂದೇ ದಿನಕ್ಕೆ ಹೋಗಲಿಲ್ಲ. ಮಿಸಿಸಿಪಿ 1890ರಲ್ಲಿ ವೋಟಿಗೆ ಎರಡು ಡಾಲರ್ ತೆರಿಗೆ ಹಾಕಿತು, ಸಂವಿಧಾನದ ವಿಧಿಯೊಂದನ್ನು ಓದಿ ಅರ್ಥ ಹೇಳಿ ಎಂಬ ಪರೀಕ್ಷೆ ಇಟ್ಟಿತು. ಅರ್ಥ ಸರಿಯೋ ತಪ್ಪೋ ಹೇಳುವವನು ಬಿಳಿಯ ಗುಮಾಸ್ತ. ಲೂಸಿಯಾನಾ 1898ರಲ್ಲಿ ಇನ್ನೂ ಜಾಣತನ ಮಾಡಿತು: 1867ರ ಜನವರಿ 1ಕ್ಕೆ ಯಾರಿಗೆ ವೋಟಿತ್ತೋ ಅವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಪರೀಕ್ಷೆಯಿಲ್ಲ. ಆ ದಿನ ಅಲ್ಲಿನ ಕಪ್ಪುಜನರಿಗೆ ವೋಟಿರಲಿಲ್ಲ. 1896ರಲ್ಲಿ ಆ ರಾಜ್ಯದ ಮತದಾರರ ಪಟ್ಟಿಯಲ್ಲಿದ್ದ ಕಪ್ಪುಜನರು 1,30,334, 1900ರಲ್ಲಿ 5,320, 1904ರಲ್ಲಿ 1,342.

ಬಡ ಬಿಳಿಯನೂ ಬಡ ಕಪ್ಪು ಮನುಷ್ಯನೂ ಒಂದಾಗಬಹುದಿತ್ತಲ್ಲ, ಏಕೆ ಆಗಲಿಲ್ಲ? ಡುಬಾಯ್ಸ್ ಕೊಟ್ಟ ಉತ್ತರ ಇವತ್ತಿಗೂ ಹೆಚ್ಚು ಚರ್ಚೆಯಾಗುವಂಥದು. ಬಿಳಿಯ ಕೂಲಿಗೆ ಸಂಬಳ ಕಡಿಮೆ, ಆದರೆ ಅದರ ಜೊತೆ ಇನ್ನೊಂದು ಸಂಬಳ ಸಿಗುತ್ತಿತ್ತು. ಬೀದಿಯಲ್ಲಿ ಮರ್ಯಾದೆ, ಉದ್ಯಾನಕ್ಕೆ ಪ್ರವೇಶ, ಒಳ್ಳೆಯ ಶಾಲೆ, ತನ್ನ ಪೈಕಿಯವನೇ ಪೊಲೀಸು, ತನ್ನ ವೋಟಿಗೆ ಅಂಜುವ ನ್ಯಾಯಾಲಯ. ಜೇಬಿಗೆ ಬೀಳದ ಈ ಸಂಬಳ ಮನಸ್ಸನ್ನು ತುಂಬುತ್ತಿತ್ತು. ಹೊಟ್ಟೆಯ ಲೆಕ್ಕವೊಂದರಿಂದಲೇ ರಾಜಕೀಯವನ್ನು ವಿವರಿಸಿಬಿಡುತ್ತೇವೆ ಎನ್ನುವವರಿಗೆ, ಸ್ವತಃ ಮಾರ್ಕ್ಸ್‌ನನ್ನು ಓದಿಕೊಂಡೇ ಡುಬಾಯ್ಸ್ ಇಟ್ಟ ತೊಡಕು ಇದು.

ಇದನ್ನೆಲ್ಲ ಪುಸ್ತಕವಾಗಿ ಬರೆಯಲು ಅವರಿಗೆ ಬೆನ್ನು ತಟ್ಟಿದವರಲ್ಲಿ ವಾಷಿಂಗ್ಟನ್‌ನ ಶಿಕ್ಷಕಿ ಆನಾ ಜೂಲಿಯಾ ಕೂಪರ್ ಒಬ್ಬರು. ತಾವೇ ಗುಲಾಮಗಿರಿಯಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಡಾಕ್ಟರೇಟ್ ಪಡೆದವರು. 1929ರಲ್ಲಿ ಕ್ಲಾಡ್ ಬವರ್ಸ್ ಎಂಬ ಪತ್ರಕರ್ತನ ‘ದಿ ಟ್ರ್ಯಾಜಿಕ್ ಎರಾ’ ಹಳೆಯ ಕಥೆಗೇ ಮಸಾಲೆ ಹಚ್ಚಿ ಭರ್ಜರಿಯಾಗಿ ಮಾರಾಟವಾದಾಗ, ಇದಕ್ಕೆ ನೀವೇ ಉತ್ತರ ಕೊಡಬೇಕು ಎಂದು ಡುಬಾಯ್ಸ್‌ಗೆ ಬರೆದರು. ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್ ಇನ್ ಅಮೆರಿಕ’ 1935ರಲ್ಲಿ ಬಂತು. ಕಪ್ಪುಜನರೂ ಎಲ್ಲರಂತೆ ಸಾಮಾನ್ಯ ಮನುಷ್ಯರು ಎಂದುಕೊಂಡೇ ಈ ಪುಸ್ತಕ ಬರೆದಿದ್ದೇನೆ, ಇದರಿಂದ ಓದುಗರು ಕಡಿಮೆಯಾಗುತ್ತಾರೆಂದು ಗೊತ್ತಿದೆ ಎಂದು ಮುನ್ನುಡಿಯಲ್ಲಿ ಹೇಳಿಕೊಂಡರು. ಬ್ರಿಟಾನಿಕಾದ ಪ್ರಸಂಗವನ್ನು ಕೊನೆಯ ಅಧ್ಯಾಯದಲ್ಲಿ ಹಾಕಿದರು. ಯಾವ ಇತಿಹಾಸಕಾರ ಯಾವ ಸಾಕ್ಷಿಯನ್ನು ಕೈಬಿಟ್ಟ ಎಂಬ ಪಟ್ಟಿಯೂ ಅಲ್ಲೇ ಇದೆ.

ಪುಸ್ತಕದಲ್ಲಿ ಕುಂದುಗಳಿವೆ. ದಕ್ಷಿಣದ ದಾಖಲೆ ಕೋಣೆಗಳಲ್ಲಿ ಕಪ್ಪು ವಿದ್ವಾಂಸನಿಗೆ ಜಾಗವಿರಲಿಲ್ಲ, ಹೀಗಾಗಿ ಮೂಲ ಕಾಗದಪತ್ರಕ್ಕಿಂತ ಅಚ್ಚಾದ ಪುಸ್ತಕ ಮತ್ತು ಕಾಂಗ್ರೆಸ್ಸಿನ ವರದಿಗಳ ಮೇಲೆ ಭಾರ ಹೆಚ್ಚು ಬಿದ್ದಿದೆ. ದಕ್ಷಿಣ ಕ್ಯಾರೊಲೈನಾದ ಸರ್ಕಾರವನ್ನು ಕಾರ್ಮಿಕರ ಸರ್ವಾಧಿಕಾರ ಎನ್ನಲು ಹೊರಟು, ಗೆಳೆಯರು ತಡೆದ ಮೇಲೆ ಅಧ್ಯಾಯದ ಹೆಸರು ತಿದ್ದಿಕೊಂಡರು. ಮನುಷ್ಯನಲ್ಲೂ ಕುಂದಿತ್ತು. ಕೋಲ್‌ಫ್ಯಾಕ್ಸ್‌ನಲ್ಲಿ ಸತ್ತವರ ಕಡೆಯ ಸಾಕ್ಷಿ ಎಲ್ಲಿ ಎಂದು ಕೇಳಿದವರು, 1953ರಲ್ಲಿ ಸ್ಟಾಲಿನ್ ಸತ್ತಾಗ ಆತನನ್ನು ಮಹಾಪುರುಷನೆಂದು ಹೊಗಳಿ ಬರೆದರು. ಸ್ಟಾಲಿನ್ ಕಾಲದಲ್ಲಿ ಹಸಿದು ಸತ್ತ ಉಕ್ರೇನಿನ ರೈತರ ಸಾಕ್ಷಿ ಅವರಿಗೆ ಬೇಕಾಗಲಿಲ್ಲ. ಆ ಹೊತ್ತಿಗೆ ಅವರ ಸರ್ಕಾರ ಅವರ ಪಾಸ್‌ಪೋರ್ಟನ್ನು ತಡೆಹಿಡಿದಿತ್ತು ಎಂಬುದು ಸಿಟ್ಟಿಗೆ ಕಾರಣ ಕೊಡುತ್ತದೆ, ಆ ಹೊಗಳಿಕೆಗೆ ಕೊಡುವುದಿಲ್ಲ.

ದಕ್ಷಿಣದಲ್ಲಿ ವೋಟಿನ ಹಕ್ಕು ಮರಳಿದ್ದು 1965ರ ಕಾಯ್ದೆಯಿಂದ. ಇತಿಹಾಸ ವಿಭಾಗಗಳೂ ಆ ದಶಕದಲ್ಲೇ ಹೊರಳಿದವು. ಕೆನೆತ್ ಸ್ಟ್ಯಾಂಪ್ ಡನ್ನಿಂಗ್‌ನ ಕಥೆಯನ್ನು ಅದೇ ವರ್ಷ ಕೆಡವಿದರು. 1988ರಲ್ಲಿ ಎರಿಕ್ ಫೋನರ್, ಅದೇ ಕೊಲಂಬಿಯಾದ ಪ್ರಾಧ್ಯಾಪಕ, ಪುನರ್‌ನಿರ್ಮಾಣ ಕಾಲದ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಡುಬಾಯ್ಸ್‌ರ ಋಣವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಅಮೆರಿಕದ ಇತಿಹಾಸಕಾರರ ಸಂಘದ ಪತ್ರಿಕೆ ‘ಅಮೆರಿಕನ್ ಹಿಸ್ಟಾರಿಕಲ್ ರಿವ್ಯೂ’ 1935ರಲ್ಲಿ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್’ ಪುಸ್ತಕದ ವಿಮರ್ಶೆ ಹಾಕಿರಲಿಲ್ಲ. ಅದು ಅಚ್ಚಾದದ್ದು 2022ರಲ್ಲಿ. ಲೇಖಕರು ಘಾನಾದ ಅಕ್ರಾದಲ್ಲಿ ತೀರಿಕೊಂಡು ಆಗ ಐವತ್ತೊಂಬತ್ತು ವರ್ಷವಾಗಿತ್ತು.